ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ಮುನ್ನ ಏನನ್ನು ಹೋಲಿಸಬೇಕು?

ಪ್ರಶ್ನೆ: ಅಮೆರಿಕದ ಡಲ್ಲಾಸ್ ಹತ್ತಿರ ಎರಡಂತಸ್ತಿನ ಮನೆ ಕೊಂಡಿದ್ದೇವೆ. ಕೆಳಗೆ ಹಾಲ್, ಅಡುಗೆಮನೆಗೆ ಮರದ ನೆಲ. ಮೆಟ್ಟಿಲಿಗೂ ಮೇಲಿನ ಕೋಣೆಗಳಿಗೂ ಗೋಡೆಯಿಂದ ಗೋಡೆಗೆ ಕಾರ್ಪೆಟ್. ಮೈಸೂರಿನಿಂದ ಬಂದಿರುವ ನಮ್ಮ ಅತ್ತೆಗೆ ಧೂಳೆಂದರೆ ಸೀನು, ಉಬ್ಬಸ. ಅಂಗಡಿಯಲ್ಲಿ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ಗಳು 80 ಡಾಲರಿನಿಂದ 800 ಡಾಲರಿನವರೆಗೆ ಸಾಲಾಗಿ ನಿಂತಿವೆ. ಎಲ್ಲ ಡಬ್ಬಿಗಳ ಮೇಲೂ ‘ಅತಿ ಶಕ್ತಿಶಾಲಿ’ ಎಂದೇ ಬರೆದಿದೆ. ಇವನ್ನು ಹೋಲಿಸುವುದು ಹೇಗೆ? – ಒಬ್ಬ ಓದುಗರು

ಉತ್ತರ: ಅತ್ತೆಯವರ ಉಬ್ಬಸ, ಮೆಟ್ಟಿಲಿನ ಕಾರ್ಪೆಟ್ – ನೀವು ಬರೆದಿರುವ ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಆ ಸಾಲಿನ ಹೆಚ್ಚಿನ ಯಂತ್ರಗಳನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ‘ಶಕ್ತಿಶಾಲಿ’ ಎಂಬ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಿಂತುಕೊಂಡೇ ತಳ್ಳುವ ಈ ಅಪ್‌ರೈಟ್ ಹುಟ್ಟಿದ್ದೇ ಒಬ್ಬ ಉಬ್ಬಸದ ಮನುಷ್ಯನ ಕೈಯಲ್ಲಿ. ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಒಂದು ದೊಡ್ಡ ಅಂಗಡಿಯ ಕಸ ಗುಡಿಸುವ ಕೆಲಸದಲ್ಲಿದ್ದರು. ಕಾರ್ಪೆಟ್ ಗುಡಿಸಿದಾಗಲೆಲ್ಲ ಎದ್ದ ಧೂಳಿಗೆ ಅವರಿಗೆ ಉಸಿರು ಕಟ್ಟುತ್ತಿತ್ತು. 1907ರಲ್ಲಿ ಅವರು ಫ್ಯಾನಿನ ಮೋಟಾರು, ಪೆಟ್ಟಿಗೆ, ಪೊರಕೆಯ ಕೋಲು, ದಿಂಬಿನ ಗವಸು ಮುಂತಾದವನ್ನು ಜೋಡಿಸಿ ಒಂದು ಯಂತ್ರ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಚರ್ಮದ ಸಾಮಾನು ತಯಾರಿಸುತ್ತಿದ್ದ ವಿಲಿಯಂ ಹೂವರ್ ಅದರ ಹಕ್ಕು ಕೊಂಡರು. ಮುಂದಿನದು ಹೂವರ್ ಕಂಪನಿಯ ಚರಿತ್ರೆ. ಸ್ಪ್ಯಾಂಗ್ಲರ್ ಯಂತ್ರದಲ್ಲಿ ಇದ್ದದ್ದು ಮೂರೇ: ಕಾರ್ಪೆಟ್ಟನ್ನು ಕೆದಕುವ ಉರುಳು ಬ್ರಷ್, ಗಾಳಿ ಎಳೆಯುವ ಫ್ಯಾನು, ಧೂಳು ಹಿಡಿದಿಡುವ ಚೀಲ. ಇವತ್ತಿನ 800 ಡಾಲರಿನ ಯಂತ್ರದಲ್ಲೂ ಕೆಲಸ ಮಾಡುವುದು ಈ ಮೂರೇ. ನೀವು ಹೋಲಿಸಬೇಕಾದ್ದೂ ಇವನ್ನೇ.

ಬ್ರಷ್‌ನಿಂದ ಶುರು ಮಾಡೋಣ, ಏಕೆಂದರೆ ಅಪ್‌ರೈಟಿನ ನಿಜವಾದ ಬಲ ಅಲ್ಲಿದೆ. ಕಾರ್ಪೆಟ್ಟಿನ ಮೇಲ್ಮೈಯಲ್ಲಿ ಕಾಣುವ ಕಸ ಏನೂ ಅಲ್ಲ; ತುಳಿತುಳಿದು ಎಳೆಗಳ ಬುಡಕ್ಕೆ ಇಳಿದ ಸಣ್ಣ ಮರಳೇ ತೊಂದರೆ. ಅದು ಎಳೆಗಳನ್ನು ಬುಡದಲ್ಲೇ ಸವೆಸುತ್ತದೆ. ಬರೀ ಸೆಳೆತಕ್ಕೆ ಅದು ಮೇಲೆ ಬರುವುದಿಲ್ಲ. ಬ್ರಷ್ ಎಳೆಗಳನ್ನು ಬಿಡಿಸಿ, ಬಡಿದು ಎಬ್ಬಿಸಬೇಕು. ಆಮೇಲೆ ಗಾಳಿ ಅದನ್ನು ಹೊತ್ತೊಯ್ಯಬೇಕು. ಇದಕ್ಕೆ ಬ್ರಷ್ ಸರಿಯಾದ ಎತ್ತರದಲ್ಲಿರಬೇಕು. ತೀರಾ ಕೆಳಗಿದ್ದರೆ ಕಾರ್ಪೆಟ್ಟಿಗೆ ಕಚ್ಚಿಕೊಂಡು ಯಂತ್ರ ತಳ್ಳುವುದಕ್ಕೇ ಆಗುವುದಿಲ್ಲ, ಎಳೆಗಳೂ ಹಾಳು. ಮೇಲಿದ್ದರೆ ಸುಮ್ಮನೆ ನೇವರಿಸಿಕೊಂಡು ಹೋಗುತ್ತದೆ. ಹಾಗಾಗಿ ಎತ್ತರ ಬದಲಿಸುವ ಗುಂಡಿ ಇದೆಯೇ, ಅಥವಾ ತಾನಾಗಿಯೇ ಹೊಂದಿಕೊಳ್ಳುತ್ತದೆಯೇ ಎಂದು ಮೊದಲು ನೋಡಿ. ಈಗಿನ ಮೆತ್ತನೆಯ ದಟ್ಟ ಕಾರ್ಪೆಟ್‌ಗಳಲ್ಲಿ ಇದು ಇನ್ನೂ ಮುಖ್ಯ. ಸೆಳೆತ ಜೋರಾಗಿರುವ ಎಷ್ಟೋ ಯಂತ್ರಗಳು ಅಂಥ ಕಾರ್ಪೆಟ್ಟಿನ ಮೇಲೆ ಬಾಯಿ ಕಚ್ಚಿ ನಿಂತುಬಿಡುತ್ತವೆ. ಬಾಯಿಯ ಹತ್ತಿರ ಗಾಳಿ ಬಿಡುವ ಕಿಂಡಿ ಇದ್ದರೆ ಅಥವಾ ಸೆಳೆತ ತಗ್ಗಿಸುವ ಸೌಕರ್ಯ ಇದ್ದರೆ ಒಳ್ಳೆಯದು.

ನಿಮಗೆ ಮರದ ನೆಲವೂ ಇದೆ. ಅಲ್ಲಿ ಬ್ರಷ್ ತಿರುಗಬಾರದು: ಮರಳಿನ ಕಣಗಳು ಗೀರು ಹಾಕುತ್ತವೆ, ಇಲ್ಲವೇ ಕಸವನ್ನು ಬ್ರಷ್ ಹಿಂದಕ್ಕೆ ಎಸೆಯುತ್ತದೆ. ಮೋಟಾರು ಓಡುತ್ತಿರುವಾಗಲೇ ಬ್ರಷ್ ಒಂದನ್ನೇ ನಿಲ್ಲಿಸುವ ಸ್ವಿಚ್ ಬೇಕು. ಅಗ್ಗದ ಮಾದರಿಗಳಲ್ಲಿ ಕಂಪನಿಗಳು ಮೊದಲು ಬಿಟ್ಟುಬಿಡುವುದು ಇದನ್ನೇ.

ಇನ್ನು ಕೂದಲು. ಉದ್ದ ಜಡೆಯ ಹೆಂಗಸರಿರುವ ಮನೆಯಲ್ಲಿ ಬ್ರಷ್ ಉರುಳೆಗೆ ಕೂದಲು ಸುತ್ತಿಕೊಳ್ಳುವುದು ತಪ್ಪಿದ್ದಲ್ಲ. ಜತೆಗೆ ಹೂವಿನ ದಾರ, ಸೀರೆಯ ಅಂಚಿನಿಂದ ಬಿಚ್ಚಿದ ನೂಲು. ಇವು ಉರುಳೆಯ ಎರಡು ತುದಿಗಳ ಬೇರಿಂಗಿನೊಳಕ್ಕೆ ಸೇರಿಕೊಂಡರೆ ಅದು ಬಿಸಿಯಾಗುತ್ತದೆ, ಬೆಲ್ಟ್ ಜಾರುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಅಂಗಡಿಯಲ್ಲಿ ಯಂತ್ರವನ್ನು ಮಗುಚಿ ಹಾಕಿ ನೋಡಿ. ಬ್ರಷ್ ಉರುಳೆಯನ್ನು ಸ್ಕ್ರೂಡ್ರೈವರ್ ಇಲ್ಲದೆ ಹೊರತೆಗೆಯಬಹುದೇ? ಉರುಳೆಯ ಉದ್ದಕ್ಕೂ ಕತ್ತರಿ ಓಡಿಸಲು ಒಂದು ತೋಡು ಇದೆಯೇ? ಬೆಲ್ಟ್ ಚಪ್ಪಟೆ ರಬ್ಬರಿನದೇ, ಹಲ್ಲಿರುವುದೇ? ಚಪ್ಪಟೆ ಬೆಲ್ಟ್ ದಿನಕಳೆದಂತೆ ಹಿಗ್ಗುತ್ತದೆ. ಮೋಟಾರು ಓಡುತ್ತಿದ್ದರೂ ಬ್ರಷ್ ನಿಧಾನವಾಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹಲ್ಲಿನ ಬೆಲ್ಟ್ ಹೆಚ್ಚು ಬಾಳುತ್ತದೆ. ‘ಯಂತ್ರ ಸರಿಯಾಗಿ ಎಳೆಯುತ್ತಿಲ್ಲ’ ಎಂದು ಜನ ಬಿಸಾಡುವ ಎಷ್ಟೋ ಅಪ್‌ರೈಟ್‌ಗಳಿಗೆ ಬೇಕಿದ್ದದ್ದು ಕೆಲವೇ ಡಾಲರಿನ ಒಂದು ಬೆಲ್ಟ್.

ಈಗ ಎರಡನೆಯದಾದ ಫ್ಯಾನು, ಅಂದರೆ ಆ ‘ಶಕ್ತಿ’. ಡಬ್ಬಿಯ ಮೇಲೆ ‘12 ಆಂಪ್’ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಅದು ಯಂತ್ರ ಗೋಡೆಯಿಂದ ಎಳೆದುಕೊಳ್ಳುವ ಕರೆಂಟು. ಕಾರ್ಪೆಟ್ಟಿನಿಂದ ಎಳೆಯುವ ಧೂಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಅಮೆರಿಕದ ಮನೆಗಳ ಸಾಮಾನ್ಯ ಸರ್ಕ್ಯೂಟ್ 15 ಆಂಪಿನದಾದ್ದರಿಂದ ಹೆಚ್ಚಿನ ಕಂಪನಿಗಳೂ 12ರ ಹತ್ತಿರ ನಿಲ್ಲುತ್ತವೆ. 120 ವೋಲ್ಟಿಗೆ ಅದು 1440 ವಾಟ್. ಯುರೋಪಿನಲ್ಲಿ 2014ರಲ್ಲಿ 1600 ವಾಟ್, 2017ರಲ್ಲಿ 900 ವಾಟ್ ಮಿತಿ ತಂದರು. ಅಲ್ಲಿನ ಮನೆಗಳೇನೂ ಧೂಳು ಹಿಡಿದು ಕೂರಲಿಲ್ಲ. ಕಂಪನಿಗಳು ಬಾಯಿ, ಬ್ರಷ್, ಗಾಳಿಯ ದಾರಿಯನ್ನು ಸುಧಾರಿಸಿದವು. ಕೆಲವರು ಪೈಪಿನ ತುದಿಯ ಸೆಳೆತದ ಅಂಕಿ ಕೊಡುತ್ತಾರೆ. ನೆಲದ ಮೇಲಿರುವ ಬಾಯಿಗೆ ಸೆಳೆತ ತಲುಪುವಷ್ಟರಲ್ಲಿ ಆ ಅಂಕಿ ತಗ್ಗಿರುತ್ತದೆ.

ನಂಬಬಹುದಾದ ಹೋಲಿಕೆಗಳು ಬೇರೆ ಇವೆ. ಎಎಸ್‌ಟಿಎಂ ಎಫ್608 ಎಂಬ ಪರೀಕ್ಷೆಯಲ್ಲಿ ಅಳತೆ ಮಾಡಿದ ಮರಳು ಮತ್ತು ಟಾಲ್ಕ್ ಪುಡಿಯನ್ನು ಕಾರ್ಪೆಟ್ಟಿನೊಳಕ್ಕೆ ತುಳಿದು ಕೂರಿಸಿ, ಯಂತ್ರ ಎಷ್ಟು ಹೊರತೆಗೆಯಿತೆಂದು ತೂಗುತ್ತಾರೆ. ಕಾರ್ಪೆಟ್ ಅಂಡ್ ರಗ್ ಇನ್‌ಸ್ಟಿಟ್ಯೂಟ್ ಎಂಬ ಉದ್ಯಮ ಸಂಸ್ಥೆಯದು ಇನ್ನೊಂದು ಮುದ್ರೆ: ಕಂಚು, ಬೆಳ್ಳಿ, ಚಿನ್ನ ಎಂಬ ದರ್ಜೆಗಳು. ಅವರು ನೋಡುವುದು ಮೂರು ವಿಷಯ – ಕೊಳೆ ಎಷ್ಟು ಬಂತು, ಧೂಳು ಎಷ್ಟು ಗಾಳಿಗೆ ಸೋರಿತು, ಕಾರ್ಪೆಟ್ಟಿನ ರೂಪ ಎಷ್ಟು ಕೆಟ್ಟಿತು. ನಿಮ್ಮ ಪ್ರಶ್ನೆಗೆ ಹೊಂದುವ ಮುದ್ರೆ ಇದು, ಅದರಲ್ಲೂ ಎರಡನೆಯ ವಿಷಯ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯೂ ಯಂತ್ರಗಳನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿದ್ದರೆ ಅಲ್ಲಿ ಸಿಗುತ್ತದೆಯೇ ಕೇಳಿ.

ಮೂರನೆಯದು ಚೀಲ, ಫಿಲ್ಟರ್. ಉಬ್ಬಸ ಇರುವ ಮನೆಗೆ ಇದೇ ನಿರ್ಣಾಯಕ. ವ್ಯಾಕ್ಯೂಮ್ ಕ್ಲೀನರ್ ಒಂದು ಕಡೆ ಎಳೆದ ಗಾಳಿಯನ್ನು ಇನ್ನೊಂದು ಕಡೆ ಬಿಡಲೇಬೇಕು. ಬಿಡುವ ಗಾಳಿಯಲ್ಲಿ ಸಣ್ಣ ಧೂಳು ಉಳಿದಿದ್ದರೆ, ಕಾರ್ಪೆಟ್ಟಿನೊಳಗೆ ಸುಮ್ಮನೆ ಕೂತಿದ್ದನ್ನು ಎಬ್ಬಿಸಿ ಅತ್ತೆಯವರ ಮೂಗಿನ ಮಟ್ಟಕ್ಕೆ ತಂದಂತಾಯಿತು. ‘ಹೆಪಾ’ ಫಿಲ್ಟರ್ ಎಂದರೆ ಅಮೆರಿಕದ ಲೆಕ್ಕದಲ್ಲಿ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯಬೇಕು. ಡಬ್ಬಿಯ ಮೇಲೆ ‘ಹೆಪಾ ಮಾದರಿಯ’, ‘ಹೆಪಾದಂಥ’ ಎಂದಿದ್ದರೆ ಅದು ಹೆಪಾ ಅಲ್ಲ ಎಂದೇ ತಿಳಿಯಿರಿ. ಅದಕ್ಕಿಂತ ಮುಖ್ಯವಾದ ಮಾತು: ಫಿಲ್ಟರ್ ಎಷ್ಟೇ ಒಳ್ಳೆಯದಿದ್ದರೂ ಯಂತ್ರದ ಮೈಯ ಸಂದುಗಳಲ್ಲಿ ಗಾಳಿ ಸೋರಿದರೆ ಆ ಗಾಳಿ ಫಿಲ್ಟರನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಪೂರ್ತಿ ಸೀಲ್ ಆಗಿರುವ ಯಂತ್ರವೇ ಬೇಕು. ಅಂಗಡಿಯಲ್ಲಿ ಓಡಿಸಿ ತೋರಿಸುವುದಾದರೆ ಕೈ ಒದ್ದೆ ಮಾಡಿಕೊಂಡು ಧೂಳಿನ ಡಬ್ಬಿಯ ಸುತ್ತ, ಮುಚ್ಚಳದ ಅಂಚಿನಲ್ಲಿ, ಪೈಪಿನ ಕೀಲುಗಳಲ್ಲಿ ಹಿಡಿದು ನೋಡಿ. ಗಾಳಿ ಹೊರಬರುವ ಜಾಲರಿಯ ಹತ್ತಿರ ಬಿಟ್ಟು ಬೇರೆಲ್ಲೂ ತಣ್ಣಗೆ ತಾಗಬಾರದು.

ಚೀಲವೋ, ಡಬ್ಬಿಯೋ? ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿ ನೋಡಿ ಸುಳಿಗಾಳಿಯಿಂದ ಧೂಳು ಬೇರ್ಪಡಿಸುವ ಯಂತ್ರ ರೂಪಿಸಿದರು. ಬ್ರಿಟನ್ನಿನಲ್ಲಿ ಅವರ ಡಿಸಿ01 ಅಪ್‌ರೈಟ್ 1993ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಲಿಂದ ಈಚೆಗೆ ಚೀಲವಿಲ್ಲದ ಮಾದರಿಗಳೇ ಅಂಗಡಿ ತುಂಬಿವೆ. ಚೀಲ ಕೊಳ್ಳುವ ಖರ್ಚಿಲ್ಲ, ತುಂಬಿದ ಕಸ ಕಣ್ಣಿಗೆ ಕಾಣುತ್ತದೆ, ಒಳಗೆ ಬಿದ್ದ ಓಲೆಯ ತಿರುಪು ಸಿಕ್ಕುತ್ತದೆ. ಇವೆಲ್ಲ ನಿಜವಾದ ಅನುಕೂಲಗಳು. ಆದರೆ ಡಬ್ಬಿ ಬಗ್ಗಿಸಿ ಕಸದ ಬುಟ್ಟಿಗೆ ಸುರಿಯುವ ಆ ಒಂದು ಕ್ಷಣದಲ್ಲಿ ಮೇಲೇಳುವ ಬೂದು ಧೂಳನ್ನು ನೋಡಿದ್ದೀರಾ? ಡಬ್ಬಿ ಹಿಡಿದಿಟ್ಟ ಸಣ್ಣ ಧೂಳಿನಲ್ಲಿ ಒಂದಷ್ಟು ಅಲ್ಲಿ ಮತ್ತೆ ಗಾಳಿಗೆ. ತೊಳೆಯಬಹುದಾದ ಫಿಲ್ಟರನ್ನು ಆಗಾಗ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಮರೆತರೆ ಗಾಳಿಯ ಓಟ ಕುಗ್ಗುತ್ತದೆ. ಚೀಲದ ಯಂತ್ರದಲ್ಲಿ ಬಾಯಿ ಮುಚ್ಚಿಕೊಳ್ಳುವ ಚೀಲವನ್ನು ಹಾಗೇ ತೆಗೆದು ಎಸೆದರೆ ಆಯಿತು. ನಿಮ್ಮ ಮನೆಗೆ ಚೀಲದ್ದೇ ಸರಿ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಜರ್ಮನಿಯ ಸೆಬೊ ಇಂಥ ಅಪ್‌ರೈಟ್‌ಗಳಿಗೆ ಹೆಸರಾದ ಕಂಪನಿ. ಬೇರೆ ಕಂಪನಿಗಳಲ್ಲೂ ಚೀಲದ ಮಾದರಿಗಳಿವೆ, ಹುಡುಕಬೇಕಷ್ಟೆ. ಕೊಳ್ಳುವ ಮುನ್ನ ಆ ಚೀಲ ಸುಲಭವಾಗಿ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ವಿಚಾರಿಸಿ.

ಮೆಟ್ಟಿಲಿನ ವಿಷಯದಲ್ಲಿ ತೂಕ ನೋಡಬೇಕು. ಹೋಟೆಲುಗಳಲ್ಲಿ ಕಾಣುತ್ತಿದ್ದ ಒರೆಕ್‌ನಂಥ ಅಪ್‌ರೈಟ್‌ಗಳು ನಾಲ್ಕು ಕಿಲೋ ಆಸುಪಾಸು. ಕಿರ್ಬಿಯಂಥವು ಅದರ ಎರಡರಷ್ಟಕ್ಕೂ ಹೆಚ್ಚು. ಇವೆರಡರಲ್ಲೂ ಕಸ ನೇರವಾಗಿ ಫ್ಯಾನಿನ ಮೂಲಕವೇ ಹಾದು ಚೀಲ ಸೇರುತ್ತದೆ. ಕಾರ್ಪೆಟ್ಟಿನ ಕಸವನ್ನು ಚೆನ್ನಾಗಿ ಎತ್ತುತ್ತವೆ, ನಿಜ. ಆದರೆ ನಾಣ್ಯ, ಹೇರ್‌ಪಿನ್, ಬಳೆ ಚೂರು ಒಳಗೆ ಹೋದರೆ ಫ್ಯಾನಿನ ರೆಕ್ಕೆಗೇ ಪೆಟ್ಟು. ಶಾರ್ಕ್ ಕಂಪನಿಯ ‘ಲಿಫ್ಟ್-ಅವೇ’ ಮಾದರಿಗಳಲ್ಲಿ ಮೇಲಿನ ಡಬ್ಬಿಯ ಭಾಗವನ್ನು ಬೇರ್ಪಡಿಸಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಬಹುದು. ಅವು ಚೀಲವಿಲ್ಲದವು. ಯಾವುದನ್ನೇ ಆರಿಸಿದರೂ ಪೈಪಿನ ಉದ್ದ ನೋಡಿ. ಚಿಕ್ಕ ಪೈಪು ಎಳೆದರೆ ಯಂತ್ರ ಮೆಟ್ಟಿಲಿನಿಂದ ಉರುಳಿ ಬೀಳುತ್ತದೆ. ವಯರ್ 30 ಅಡಿ ಇದ್ದರೆ ಒಂದು ಪ್ಲಗ್ಗಿನಿಂದ ಎರಡು ಕೋಣೆ ಮುಗಿಯುತ್ತದೆ.

ಇಂಗ್ಲಿಷ್ ವಿಮರ್ಶೆಗಳಲ್ಲಿ ಸಿಗದ ಒಂದು ಮಾತು. ಪೂಜೆ ಮುಗಿದ ಮೇಲೆ ಕಾರ್ಪೆಟ್ಟಿನ ಮೇಲೆ ಅಕ್ಷತೆ, ಹೂವಿನ ಎಸಳು ಬಿದ್ದಿದ್ದರೆ ಎಳೆಯಬಹುದು, ಅಕ್ಷತೆ ಒಣಗಿದ ಮೇಲೆ. ಕುಂಕುಮ ಬಿದ್ದಿದ್ದರೆ ಬ್ರಷ್ ಓಡಿಸಲೇಬೇಡಿ. ಎಳೆಗಳ ಬುಡದವರೆಗೂ ಉಜ್ಜಿ ಕೂರಿಸುತ್ತದೆ. ಬ್ರಷ್ ನಿಲ್ಲಿಸಿ, ಪೈಪಿನ ತುದಿಯನ್ನು ಮೇಲೆಯೇ ಹಿಡಿದು, ಮುಟ್ಟಿಸದೆ ಎಳೆಯಿರಿ. ವಿಭೂತಿ, ರಂಗೋಲಿ ಪುಡಿ ತೀರಾ ನಯ. ಫಿಲ್ಟರ್ ಬೇಗ ಕಟ್ಟಿಕೊಳ್ಳುವಂತೆ ಮಾಡುತ್ತವೆ. ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವುದೇ ಲೇಸು, ಮರದ ನೆಲದ ಮೇಲಾದರಂತೂ.

ಯಾರಾದರೂ ಮನೆ ಬಾಗಿಲಿಗೆ ಬಂದು ನಿಮ್ಮ ಕಾರ್ಪೆಟ್ಟಿನಿಂದ ಧೂಳು ತೆಗೆದು ಬಿಳಿ ಬಟ್ಟೆಯ ಮೇಲೆ ಸುರಿದು ತೋರಿಸಿದರೆ ಬೆಚ್ಚಬೇಡಿ. ಯಾವ ಯಂತ್ರವೂ ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯುವುದಿಲ್ಲ. ಎರಡನೆಯ ಯಂತ್ರ ಓಡಿಸಿದರೆ ಧೂಳು ಬಂದೇ ಬರುತ್ತದೆ, ಮೊದಲನೆಯದು ಎಷ್ಟೇ ಒಳ್ಳೆಯದಿರಲಿ. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಭಾರತದಲ್ಲಿ ಬೆಳೆದದ್ದು ಮನೆಮನೆಗೆ ಹೋಗಿ ಮಾಡಿದ ಪ್ರದರ್ಶನಗಳಿಂದಲೇ. ಹಾಗಾಗಿ ನಮ್ಮವರಿಗೆ ಆ ದೃಶ್ಯ ಹೊಸದಲ್ಲ. ಮುಲಾಜಿಗೆ ಬಿದ್ದು ಸಹಿ ಹಾಕಿದ್ದೇ ಆದರೆ, ಅಮೆರಿಕದ ಫೆಡರಲ್ ನಿಯಮದಂತೆ ಮನೆಯಲ್ಲಿ ನಡೆದ 25 ಡಾಲರ್ ಮತ್ತು ಮೇಲ್ಪಟ್ಟ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಬಹುದು.

ಮುಂದೆಂದಾದರೂ ಊರಿಗೆ ಮರಳುವಾಗ ಯಂತ್ರವನ್ನೂ ಹೊತ್ತು ತರುವ ಯೋಚನೆ ಬೇಡ. 120 ವೋಲ್ಟಿನ ಮೋಟಾರಿಗೆ ನಮ್ಮ 230 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ, ಅಷ್ಟು ವಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಒಂದು ದೊಡ್ಡ ಹೊರೆ. ಗ್ರಾನೈಟ್, ಟೈಲ್ಸ್ ನೆಲಕ್ಕೆ ಅಪ್‌ರೈಟಿನ ಅಗತ್ಯವೂ ಇಲ್ಲ.

ಹಾಗಾದರೆ ಕೊಳ್ಳಬೇಕಾದ್ದು: ಚೀಲ ಇರುವ, ಪೂರ್ತಿ ಸೀಲ್ ಆದ, ನಿಜವಾದ ಹೆಪಾ ಇರುವ ಅಪ್‌ರೈಟ್, ಬ್ರಷ್ ನಿಲ್ಲಿಸುವ ಸ್ವಿಚ್ ಮತ್ತು ಎತ್ತರ ಹೊಂದಿಸುವ ಸೌಕರ್ಯ ಕಡ್ಡಾಯ. ಹತ್ತಿರದಲ್ಲಿ ರಿಪೇರಿಯೂ ಮಾಡುವ ವ್ಯಾಕ್ಯೂಮ್ ಅಂಗಡಿ ಇದ್ದರೆ ಅಲ್ಲಿಯೇ ಕೇಳಿ. ಯಾವ ಮಾದರಿ ರಿಪೇರಿಗೆ ಪದೇಪದೇ ಬರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಒಂದನ್ನು ಮಾತ್ರ ಯಂತ್ರದ ಮೇಲೆ ಹೊರಿಸಬೇಡಿ. ಕಾರ್ಪೆಟ್ಟಿನಲ್ಲಿ ವಾಸಿಸುವ ಧೂಳಿನ ನುಸಿಗಳು ಎಳೆಗಳಿಗೆ ಅಂಟಿಕೊಂಡಿರುತ್ತವೆ. ಯಾವ ಅಪ್‌ರೈಟೂ ಅವನ್ನು ಪೂರ್ತಿ ತೆಗೆಯಲಾರದು. ಹಾಸು, ಹೊದಿಕೆ, ದಿಂಬಿನ ಗವಸುಗಳನ್ನು ವಾರಕ್ಕೊಮ್ಮೆ ಬಿಸಿ ನೀರಲ್ಲಿ ಒಗೆಯಿರಿ. ವ್ಯಾಕ್ಯೂಮ್ ಮಾಡುವಾಗಲೂ ಆಮೇಲೆ ಸ್ವಲ್ಪ ಹೊತ್ತೂ ಅತ್ತೆಯವರು ಬೇರೆ ಕೋಣೆಯಲ್ಲಿರಲಿ. ಕೈಯಲ್ಲಾದರೆ ಅವರು ಮಲಗುವ ಕೋಣೆಯ ಕಾರ್ಪೆಟ್ ತೆಗೆಸಿ ಮರವನ್ನೋ ಟೈಲ್ಸನ್ನೋ ಹಾಕಿಸಿ. 800 ಡಾಲರಿನ ಯಂತ್ರಕ್ಕಿಂತ ಅವರ ಉಸಿರಿಗೆ ಅದೇ ಹೆಚ್ಚು ಆರಾಮ ಕೊಡುತ್ತದೆ. ದುಡ್ಡು ಎರಡಕ್ಕೂ ಸಾಲದಿದ್ದರೆ ಮೊದಲು ನೆಲ ಮಾಡಿಸಿ, ಆಮೇಲೆ ಯಂತ್ರ ಕೊಳ್ಳಿ.