ಪೀಪಾಯಿಯ ವಯಸ್ಸು

ಮಣ್ಣಿನ ಮಡಕೆಯಲ್ಲಿ ತುಂಬಿಟ್ಟ ನೀರು ಕಡುಬೇಸಗೆಯಲ್ಲಿಯೂ ತಣ್ಣಗಿರುತ್ತದೆ. ಆದರೆ ಬೆಳಗಾಗುವುದರೊಳಗೆ ಅದರ ಮಟ್ಟ ಒಂದಿಷ್ಟು ಇಳಿದಿರುತ್ತದೆ. ಮಡಕೆ ಒಡೆದಿಲ್ಲ, ಸೋರಿಯೂ ಇಲ್ಲ. ಅದರ ಮೈಯ ಸೂಕ್ಷ್ಮರಂಧ್ರಗಳ ಮೂಲಕ ನೀರು ಹೊರಗೆ ಬಂದು ಆವಿಯಾಗಿ ಹೋಗಿದೆ. ಹೀಗೆ ದ್ರವವನ್ನು ಹಿಡಿದಿಟ್ಟುಕೊಂಡೂ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಪಾತ್ರೆಗಳ ಜಾತಿಗೆ ಮರದ ಪೀಪಾಯಿಯೂ ಸೇರುತ್ತದೆ. ಮಡಕೆಯ ಕೆಲಸ ಒಂದು ರಾತ್ರಿಯದು, ಪೀಪಾಯಿಯದು ವರ್ಷಗಟ್ಟಲೆಯದು, ವ್ಯತ್ಯಾಸವಿಷ್ಟೆ. ಬಟ್ಟಿ ಇಳಿಸಿದ ಮದ್ಯಸಾರವನ್ನು ಇಂತಹ ಪೀಪಾಯಿಗಳಲ್ಲಿ ಮಾಗಲು ಬಿಡುವ ಪದ್ಧತಿ ಅನೇಕ ದೇಶಗಳಲ್ಲಿದೆ. ಬಿಸಿಲಿನ ನಾಡಿನಲ್ಲಿ ಅದು ಒಂದು ವರ್ಷದಲ್ಲಿ ಮಾಗುವಷ್ಟು ಮಾಗಲು ತಣ್ಣನೆಯ ನಾಡಿನಲ್ಲಿ ಮೂರು ವರ್ಷ ಬೇಕೆಂಬ ಮಾತೊಂದಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನಾವು ಇಲ್ಲಿ ಪರೀಕ್ಷಿಸೋಣ. ಇದು ಕುಡಿತದ ಗುಣಗಾನವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆವಿಯೊತ್ತಡ, ವಿಸರಣ, ರಾಸಾಯನಿಕ ಕ್ರಿಯೆಯ ವೇಗ ಇವು ಮೂರೂ ಒಂದೇ ಪಾತ್ರೆಯೊಳಗೆ ಒಟ್ಟಿಗೆ ಕೆಲಸ ಮಾಡುವ ಇಷ್ಟು ಸೊಗಸಾದ ಉದಾಹರಣೆ ಪಠ್ಯಪುಸ್ತಕಗಳಲ್ಲಿ ದೊರೆಯುವುದು ಅಪರೂಪ.

ನಮ್ಮ ಬಯಲುಸೀಮೆಯ ಹೊಲಗಳ ಬೇಲಿಗಳಲ್ಲಿ ಬೆಳೆಯುವ ಕತ್ತಾಳೆಯನ್ನು ಬೀದರ್ ಜಿಲ್ಲೆಯ ಎಕಂಬಾದ ವಿದ್ಯಾರ್ಥಿಯೂ ಬಲ್ಲನು, ಚಿತ್ರದುರ್ಗದ ವಿದ್ಯಾರ್ಥಿಯೂ ಬಲ್ಲನು. ನಾರಿಗಾಗಿ, ಹಗ್ಗಕ್ಕಾಗಿ, ದನಗಳನ್ನು ತಡೆಯುವುದಕ್ಕಾಗಿ ನಾವು ಬಳಸುವ ಈ ಗಿಡ ಇಲ್ಲಿಯದಲ್ಲ. ಇದರ ತವರು ಮೆಕ್ಸಿಕೊ ದೇಶ. ಅಲ್ಲಿ ಇದರ ಸೋದರಜಾತಿಯಾದ ನೀಲಿ ಕತ್ತಾಳೆಯನ್ನು ಆರೇಳು ವರ್ಷ ಬೆಳೆಸಿ, ಎಲೆಗಳನ್ನು ಕಡಿದು, ಅನಾನಸ್ ಹಣ್ಣಿನಂತೆ ಕಾಣುವ ನಡುಗೆಡ್ಡೆಯನ್ನು ಬೇಯಿಸುತ್ತಾರೆ. ಬೇಯುವಾಗ ಅದರಲ್ಲಿರುವ ಇನುಲಿನ್ ಎಂಬ ಪದಾರ್ಥ ಒಡೆದು ಸಕ್ಕರೆಯಾಗುತ್ತದೆ. ಆ ರಸವನ್ನು ಹುಳಿಸಿ ಬಟ್ಟಿ ಇಳಿಸಿದರೆ ದೊರೆಯುವ ಮದ್ಯವೇ ಟಕೀಲಾ. ಈ ಹೆಸರು ಮೆಕ್ಸಿಕೊದ ಹಲಿಸ್ಕೊ ರಾಜ್ಯಕ್ಕೂ ಇತರ ನಾಲ್ಕು ರಾಜ್ಯಗಳ ಕೆಲವು ಭಾಗಗಳಿಗೂ ಮೀಸಲು. 2011ರಲ್ಲಿ ದಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದಲೇ ಮದ್ಯವನ್ನು ಬಟ್ಟಿ ಇಳಿಸಿ ಮಾರಾಟಕ್ಕೆ ತಂದವರು ನಮ್ಮ ದೇಶದಲ್ಲಿಯೂ ಇದ್ದಾರೆ. ಆದರೆ ಅದನ್ನು ಟಕೀಲಾ ಎಂದು ಕರೆಯುವಂತಿಲ್ಲ.

ಹೊಸದಾಗಿ ಇಳಿಸಿದ ಟಕೀಲಾ ನೀರಿನಂತೆ ತಿಳಿಯಾಗಿರುತ್ತದೆ. ಅದನ್ನು ಓಕ್ ಮರದ ಪೀಪಾಯಿಯಲ್ಲಿ ಒಂದು ವರ್ಷವಾದರೂ ಇಟ್ಟರೆ ‘ಅನ್ಯೆಹೊ’ ಎಂದೂ ಮೂರು ವರ್ಷವಾದರೂ ಇಟ್ಟರೆ ‘ಎಕ್ಸ್ಟ್ರಾ ಅನ್ಯೆಹೊ’ ಎಂದೂ ಕರೆಯಲು ಅಲ್ಲಿಯ ನಿಯಮ ಒಪ್ಪುತ್ತದೆ. ಆದರೆ ಪೀಪಾಯಿ 600 ಲೀಟರಿಗಿಂತ ದೊಡ್ಡದಾಗಿರಕೂಡದು. ಈ ಮಿತಿ ಏತಕ್ಕೆ? ಪಾತ್ರೆ ದೊಡ್ಡದಾದಷ್ಟೂ ಅದರ ಗಾತ್ರ ವೇಗವಾಗಿ ಹೆಚ್ಚುತ್ತದೆ, ಮೈಯ ವಿಸ್ತಾರ ಅಷ್ಟು ವೇಗವಾಗಿ ಹೆಚ್ಚುವುದಿಲ್ಲ. 200 ಲೀಟರಿನ ಪೀಪಾಯಿಯ ಒಳಮೈ ಸುಮಾರು 2 ಚದರ ಮೀಟರು. ಅಂದರೆ ಲೀಟರೊಂದಕ್ಕೆ ಹತ್ತಿರಹತ್ತಿರ 100 ಚದರ ಸೆಂಟಿಮೀಟರು ಮರ ತಗಲುತ್ತದೆ. ಅದೇ ಆಕಾರದ 600 ಲೀಟರಿನ ಪೀಪಾಯಿಯಲ್ಲಿ ಇದು 70ಕ್ಕೆ ಇಳಿಯುತ್ತದೆ. ಮರವೇ ತಗಲದಷ್ಟು ದೊಡ್ಡ ತೊಟ್ಟಿಯಲ್ಲಿಟ್ಟು ವರ್ಷ ಎಣಿಸಿದರೆ ಮಾಗಿಸಿದಂತಾಗುವುದಿಲ್ಲ.

ಈ ಪೀಪಾಯಿಗಳು ಬರುವುದೆಲ್ಲಿಂದ? ಬಹುಮಟ್ಟಿಗೆ ಅಮೆರಿಕ ಸಂಯುಕ್ತ ಸಂಸ್ಥಾನಗಳಿಂದ. ಅಲ್ಲಿ ಮೆಕ್ಕೆಜೋಳವೇ ಅರ್ಧಕ್ಕಿಂತ ಹೆಚ್ಚಾಗಿರುವ ಧಾನ್ಯದಿಂದ ಬರ್ಬನ್ ಎಂಬ ಮದ್ಯವನ್ನು ಮಾಡುತ್ತಾರೆ. ಒಳಮೈಯನ್ನು ಇದ್ದಿಲಾಗುವಂತೆ ಸುಟ್ಟ ಹೊಚ್ಚಹೊಸ ಓಕ್ ಪಾತ್ರೆಯಲ್ಲಿಯೇ ಅದನ್ನು ಇಡಬೇಕೆಂಬುದು ಕಾನೂನು. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ತುಂಬುವಂತಿಲ್ಲ. ಹೀಗೆ ಒಬ್ಬರ ಕಾನೂನು ಇನ್ನೊಬ್ಬರಿಗೆ ಅಗ್ಗದ ಪಾತ್ರೆಯನ್ನು ಒದಗಿಸಿದೆ! ಆ ಹಳೆಯ ಪೀಪಾಯಿಗಳು ಹಡಗಿನಲ್ಲಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ಗಡಿ ದಾಟಿ ಮೆಕ್ಸಿಕೊಗೆ ಹೋಗುತ್ತವೆ, ನಮ್ಮ ಬೆಂಗಳೂರಿಗೂ ಬರುತ್ತವೆ.

ಸುಟ್ಟ ಮರ ಮಾಡುವ ಕೆಲಸವೇನು? ಒಳಗಿನ ಇದ್ದಿಲು ಗಂಧಕದ ದುರ್ವಾಸನೆಯ ಸಂಯುಕ್ತಗಳನ್ನು ಹೀರಿಕೊಳ್ಳುತ್ತದೆ. ಬೆಂಕಿಯ ಕಾವಿಗೆ ಮರದ ಲಿಗ್ನಿನ್ ಒಡೆದು ವೆನಿಲ್ಲಿನ್ ಹುಟ್ಟಿರುತ್ತದೆ. ಐಸ್‌ಕ್ರೀಮಿನ ವೆನಿಲಾ ಪರಿಮಳ ಇದರದೇ. ಹೆಮಿಸೆಲ್ಯುಲೋಸ್ ಎಂಬ ಭಾಗ ಸುಟ್ಟ ಸಕ್ಕರೆಯ ಬಣ್ಣವನ್ನೂ ಸವಿಯನ್ನೂ ಕೊಡುತ್ತದೆ. ಓಕ್ ಲ್ಯಾಕ್ಟೋನಿನಿಂದ ಕೊಬ್ಬರಿಯ ವಾಸನೆ ಬರುತ್ತದೆ, ಟ್ಯಾನಿನಿನಿಂದ ಒಗರು ಬರುತ್ತದೆ. ಇವುಗಳಲ್ಲಿ ಸುಲಭವಾಗಿ ಕರಗುವ ಪಾಲನ್ನು ಬರ್ಬನ್ ಮೊದಲೇ ಕೊಂಡೊಯ್ದಿರುತ್ತದೆ. ಉಳಿದುದು ಮೆಲ್ಲಗೆ ಬರುತ್ತದೆ. ಕತ್ತಾಳೆಯ ಅಥವಾ ಬಾರ್ಲಿಯ ಸ್ವಂತ ಪರಿಮಳ ಉಳಿಯಬೇಕಾದಲ್ಲಿ ಹೊಸ ಪೀಪಾಯಿಗಿಂತ ಹಳೆಯದು ಮೇಲೆಂದು ಎಣಿಸುವುದು ಇದರಿಂದಲೇ.

ಈಗ ಬೆಂಗಳೂರಿಗೆ ಬರೋಣ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸ್ಥಾಪಿಸಿದ ಅಮೃತ್ ಡಿಸ್ಟಿಲರೀಸ್ ಸಂಸ್ಥೆಯ ಕಾರ್ಖಾನೆ ಮೈಸೂರು ರಸ್ತೆಯ ಕಂಬೀಪುರದಲ್ಲಿದೆ. ಅದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಸ್ಥಳ. ಅಲ್ಲಿ ಬಾರ್ಲಿಯಿಂದ ಬಟ್ಟಿ ಇಳಿಸಿ, ಮುಖ್ಯವಾಗಿ ಬರ್ಬನ್‌ನ ಹಳೆಯ ಪೀಪಾಯಿಗಳಲ್ಲಿಯೂ ಹೊಸ ಓಕ್ ಪೀಪಾಯಿಗಳಲ್ಲಿಯೂ ಮಾಗಿಸಿದ ವ್ಹಿಸ್ಕಿಯನ್ನು 2004ರ ಆಗಸ್ಟ್ 24ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿದರು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವುದೆಂದರೆ ಇದೇ. ಯೂರೋಪಿನ ಕಟ್ಟಳೆಯಂತೆ ಮೂರು ವರ್ಷವಾದರೂ ಮರದಲ್ಲಿ ಮಾಗದೆ ವ್ಹಿಸ್ಕಿ ಎಂಬ ಹೆಸರಿಲ್ಲ. ಹೆಚ್ಚಿನ ಬೆಲೆಯ ಸ್ಕಾಚ್ ಸೀಸೆಗಳ ಮೇಲೆ 12, 18 ಎಂದು ವಯಸ್ಸು ಅಚ್ಚಾಗಿರುತ್ತದೆ. ಬೆಂಗಳೂರಿನ ಸರಕು ನಾಲ್ಕೈದು ವರ್ಷದ್ದು. ಸೀಸೆಯ ಅಂಕಿಯೇ ಗುಣದ ಅಳತೆಯಾದರೆ ಅದು ತೂಕಕ್ಕೇ ನಿಲ್ಲುತ್ತಿರಲಿಲ್ಲ. ಆದರೆ ಇದೇ ಸಂಸ್ಥೆಯ ‘ಫ್ಯೂಷನ್’ ಎಂಬ ವ್ಹಿಸ್ಕಿಗೆ ಜಿಮ್ ಮರ್ರೆ ಎಂಬ ಪ್ರಸಿದ್ಧ ವಿಮರ್ಶಕರು ತಮ್ಮ 2010ರ ವಾರ್ಷಿಕ ಗ್ರಂಥದಲ್ಲಿ ಜಗತ್ತಿನಲ್ಲಿ ಮೂರನೆಯ ಸ್ಥಾನ ಕೊಟ್ಟರು. ಸಂಸ್ಥೆಯ ಮುಖ್ಯ ತಜ್ಞರಾಗಿದ್ದ ಸುರಿಂದರ್ ಕುಮಾರ್ ಅವರು ಕೊಟ್ಟ ವಿವರಣೆಯೇ ನಾವು ಮೊದಲು ಹೇಳಿದ ಮಾತು: ಇಲ್ಲಿಯ ಒಂದು ವರ್ಷ ಸ್ಕಾಟ್ಲೆಂಡಿನ ಮೂರು ವರ್ಷಕ್ಕೆ ಸಮ.

ಭೌತವಿಜ್ಞಾನದ ವಿದ್ಯಾರ್ಥಿ ಇದನ್ನು ಹೇಗೆ ಪರೀಕ್ಷಿಸಬೇಕು? ಉಷ್ಣತೆ 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಸಾಮಾನ್ಯ ರಾಸಾಯನಿಕ ಕ್ರಿಯೆಗಳ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂಬುದು ಎಲ್ಲರೂ ಕಲಿತಿರುವ ಸೂತ್ರ. ಬೆಂಗಳೂರಿನ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು 24 ಡಿಗ್ರಿ. ಸ್ಕಾಟ್ಲೆಂಡಿನದು ಸುಮಾರು 9 ಡಿಗ್ರಿ. ಅಂತರ 15. ಎರಡರ ಒಂದೂವರೆ ಘಾತವನ್ನು ಲೆಕ್ಕಹಾಕಿದರೆ 2.8 ಬರುತ್ತದೆ. ಆಶ್ಚರ್ಯ! ತಜ್ಞರು ನಾಲಗೆಯಿಂದಲೂ ಮೂಗಿನಿಂದಲೂ ಕಂಡುಕೊಂಡ ಮೂರಕ್ಕೂ ನಮ್ಮ ಕಾಗದದ ಮೇಲಿನ 2.8ಕ್ಕೂ ಹೆಚ್ಚಿನ ದೂರವಿಲ್ಲ.

ಆದರೆ ಇಷ್ಟಕ್ಕೇ ತೃಪ್ತರಾಗುವುದು ಸರಿಯಲ್ಲ. ಪೀಪಾಯಿಯಲ್ಲಿ ನಡೆಯುವ ಕೆಲಸ ಒಂದೇ ಅಲ್ಲ. ಮರದ ರಂಧ್ರಗಳಿಂದ ಸಾರ ಹೊರಬರುವುದು ವಿಸರಣದಿಂದ. ದ್ರವ ಬಿಸಿಯಾದಂತೆ ಅದರ ಸ್ನಿಗ್ಧತೆ ಕುಗ್ಗಿ ವಿಸರಣ ಚುರುಕಾಗುತ್ತದೆ ನಿಜ. ಆದರೆ 15 ಡಿಗ್ರಿಯ ಏರಿಕೆಗೆ ಅದು ಒಂದೂವರೆಯಿಂದ ಎರಡು ಪಟ್ಟಾಗಬಹುದೇ ಹೊರತು ಮೂರು ಪಟ್ಟಲ್ಲ. ಮದ್ಯಸಾರವೂ ಆಮ್ಲಗಳೂ ಕೂಡಿ ಹಣ್ಣಿನ ಪರಿಮಳದ ಎಸ್ಟರುಗಳಾಗುವುದು ರಾಸಾಯನಿಕ ಕ್ರಿಯೆ. ಅದರ ವೇಗ ಬೇರೆ. ಇನ್ನು ಉತ್ಕರ್ಷಣಕ್ಕೆ ಆಮ್ಲಜನಕ ಬೇಕು. ಅದು ಒಳಬರಬೇಕಾದುದು ಹಲಗೆಗಳ ಮೂಲಕ. ಬಿಸಿ ದ್ರವದಲ್ಲಿ ಅನಿಲ ಕಡಮೆಯಾಗಿ ಕರಗುವುದರಿಂದ ಇಲ್ಲಿ ಉಷ್ಣತೆ ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಆದುದರಿಂದ ಬಿಸಿ ನಾಡಿನ ನಾಲ್ಕು ವರ್ಷದ ಪೀಪಾಯಿ ತಣ್ಣನೆಯ ನಾಡಿನ ಹನ್ನೆರಡು ವರ್ಷದ ಪೀಪಾಯಿಯ ಪ್ರತಿಬಿಂಬವಲ್ಲ. ಒಂದು ಕ್ರಿಯೆಯಲ್ಲಿ ಅದಕ್ಕೆ ಹನ್ನೊಂದು ವರ್ಷವಾಗಿದ್ದರೆ ಇನ್ನೊಂದರಲ್ಲಿ ಆರೇ ಆಗಿರಬಹುದು. ‘ಮೂರು’ ಎಂಬುದು ಒಟ್ಟು ಅನುಭವವನ್ನು ಸಾರುವ ಒಳ್ಳೆಯ ಅಂದಾಜು. ನಿಯಮವೆಂದು ಅದನ್ನು ಪರಿಗಣಿಸಲಾಗದು.

ಈ ತ್ವರೆಗೆ ತೆರಬೇಕಾದ ಬೆಲೆಯೊಂದುಂಟು. ಮಡಕೆಯ ನೀರಿನಂತೆಯೇ ಪೀಪಾಯಿಯ ಮದ್ಯವೂ ಆರಿಹೋಗುತ್ತದೆ. ಹೀಗೆ ಹೋದುದನ್ನು ಸ್ಕಾಟ್ಲೆಂಡಿನವರು ‘ದೇವದೂತರ ಪಾಲು’ ಎನ್ನುತ್ತಾರೆ. ನಮ್ಮವರು ಹೆಸರಿಟ್ಟಿದ್ದರೆ ಬಹುಶಃ ಗಂಧರ್ವರ ಪಾಲೆನ್ನುತ್ತಿದ್ದರು. ಅಲ್ಲಿ ಇದು ವರ್ಷಕ್ಕೆ ಸುಮಾರು ಶೇಕಡ 2, ಬೆಂಗಳೂರಿನಲ್ಲಿ ಶೇಕಡ 10ರಿಂದ 12. ಉಳಿದುದರಲ್ಲಿ ಪ್ರತಿವರ್ಷವೂ ಇಂತಿಷ್ಟು ಭಾಗ ಕಳೆಯುವುದೆಂದು ಎಣಿಸಿದರೆ ಇದು ವಿಕಿರಣಶೀಲ ವಸ್ತುವಿನ ಕ್ಷಯದ ಲೆಕ್ಕವೇ ಆಯಿತು. ಶೇಕಡ 2ರ ನಷ್ಟಕ್ಕೆ ಪೀಪಾಯಿಯ ‘ಅರ್ಧಾಯು’ 34 ವರ್ಷ, ಶೇಕಡ 10ರ ನಷ್ಟಕ್ಕೆ ಆರೂವರೆ ವರ್ಷ! 200 ಲೀಟರು ತುಂಬಿದರೆ ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷದ ಮೇಲೆ 157 ಲೀಟರು ಉಳಿಯುತ್ತದೆ, ಬೆಂಗಳೂರಿನಲ್ಲಿ 56. ಅದಕ್ಕೆ ಸಮವೆಂದು ಹೇಳುವ ನಾಲ್ಕೇ ವರ್ಷ ಇಟ್ಟರೂ ಇಲ್ಲಿ ಉಳಿಯುವುದು 131. ಅಂದರೆ ಕಾಲವನ್ನು ಉಳಿಸಿಕೊಂಡ ಮೇಲೆಯೂ 26 ಲೀಟರಿನ ಸಾಲ ನಮ್ಮ ಮೇಲೆ ನಿಲ್ಲುತ್ತದೆ. ಅಮೃತ್ ಸಂಸ್ಥೆಯವರು ಎಂಟು ವರ್ಷ ಮಾಗಿಸಿದ ತಮ್ಮ ವ್ಹಿಸ್ಕಿಗೆ ‘ದುರಾಸೆಯ ದೇವದೂತರು’ ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟುದು ವಿನೋದಕ್ಕಾದರೂ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ನಷ್ಟ ಐದು ಪಟ್ಟಾಗುವುದೇಕೆ? ಮದ್ಯಸಾರದ ಆವಿಯೊತ್ತಡ 10 ಡಿಗ್ರಿಯಲ್ಲಿ 24, 20ರಲ್ಲಿ 44, 30ರಲ್ಲಿ 79 ಮಿಲಿಮೀಟರ್ ಪಾದರಸ. ಇದರಿಂದ 9 ಮತ್ತು 24 ಡಿಗ್ರಿಗಳ ನಡುವೆ ಅದು ಸುಮಾರು ಎರಡೂವರೆ ಪಟ್ಟಾಗುತ್ತದೆ, ಐದಾಗುವುದಿಲ್ಲ. ಆದರೆ ಪೀಪಾಯಿಯಲ್ಲಿ ನೀರೂ ಇದೆಯಷ್ಟೆ. ನೀರು ಆರುವುದು ಅದರ ಆವಿಯೊತ್ತಡವನ್ನು ಮಾತ್ರ ಅವಲಂಬಿಸಿಲ್ಲ. ಗಾಳಿಯಲ್ಲಿ ಈಗಾಗಲೇ ಇರುವ ತೇವವನ್ನು ಕಳೆದು ಉಳಿದ ಅಂತರವನ್ನು ಅವಲಂಬಿಸಿದೆ. ಗಾಳಿಯ ಆರ್ದ್ರತೆ ಸ್ಕಾಟ್ಲೆಂಡಿನಲ್ಲಿ ಶೇಕಡ 85 ಎಂದೂ ಇಲ್ಲಿ 65 ಎಂದೂ ಇಟ್ಟುಕೊಳ್ಳೋಣ. ಅಲ್ಲಿ 8.6 ಮಿಲಿಮೀಟರಿನಲ್ಲಿ ಶೇಕಡ 15, ಅಂದರೆ 1.3; ಇಲ್ಲಿ 22.4ರಲ್ಲಿ ಶೇಕಡ 35, ಅಂದರೆ 7.8. ಇದು ಆರು ಪಟ್ಟು! ಮದ್ಯಸಾರದ ಎರಡೂವರೆಯೂ ನೀರಿನ ಆರೂ ಸೇರಿದಾಗ, ಬೆಚ್ಚನೆಯ ಮರದ ಮೂಲಕ ಆವಿ ಹೆಚ್ಚು ಸುಲಭವಾಗಿ ಹಾಯುವುದನ್ನೂ ಗಣನೆಗೆ ತಂದರೆ, ಐದು ಪಟ್ಟಿನ ನಷ್ಟ ಅರ್ಥವಾಗದ ಒಗಟಾಗಿ ಉಳಿಯುವುದಿಲ್ಲ. ಹಸಿ ಗಾಳಿಯಲ್ಲಿ ನೀರು ನಿಂತು ಮದ್ಯಸಾರ ಹೋಗುವುದರಿಂದ ದ್ರವದ ತೀಕ್ಷ್ಣತೆ ತಗ್ಗುತ್ತದೆ. ಒಣ ಗಾಳಿಯಲ್ಲಿ ನೀರು ಮುಂದಾಗಿ ಹೋಗುವುದರಿಂದ ಅದು ಏರಲೂಬಹುದು.

ಇಷ್ಟನ್ನು ತಿಳಿದ ಮೇಲೆ ಎಕಂಬಾದ ವಿದ್ಯಾರ್ಥಿ ಒಂದು ಲೆಕ್ಕವನ್ನು ತಾನೇ ಮಾಡಬಹುದು. ಬೀದರ್ ಜಿಲ್ಲೆಯಲ್ಲಿ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ಅಪರೂಪವಲ್ಲ, ಚಳಿಗಾಲದ ರಾತ್ರಿ 15ಕ್ಕಿಂತ ಕೆಳಗೆ ಇಳಿಯುವುದೂ ಹೊಸದಲ್ಲ. ಪೀಪಾಯಿಯನ್ನು ತಗಡಿನ ಮಾಡಿನ ಕೆಳಗೆ ಇಡುವ ಬದಲು, ಉತ್ತರ ಕರ್ನಾಟಕದ ಕಡೆ ಜೋಳ ತುಂಬಿಡುತ್ತಿದ್ದ ಹಗೇವಿನಂತಹ ನೆಲಗುಣಿಯಲ್ಲಿಟ್ಟರೆ ಲಾಭವುಂಟೆ? ಕೆಲವು ಮೀಟರು ಆಳದಲ್ಲಿ ಮಣ್ಣಿನ ಉಷ್ಣತೆ ವರ್ಷವಿಡೀ ಸರಾಸರಿಯ ಹತ್ತಿರವೇ ನಿಲ್ಲುತ್ತದೆ. ಅರ್ಧ ಕಾಲ 15 ಡಿಗ್ರಿ, ಅರ್ಧ ಕಾಲ 40 ಡಿಗ್ರಿ ಎಂದು ಒರಟಾಗಿ ಎಣಿಸಿದರೆ ಮದ್ಯಸಾರದ ಆವಿಯೊತ್ತಡ 32 ಮತ್ತು 134; ಸರಾಸರಿ 83. ಆದರೆ ಸರಾಸರಿ ಉಷ್ಣತೆಯಾದ 27.5 ಡಿಗ್ರಿಯಲ್ಲಿಯೇ ನಿಂತ ಪೀಪಾಯಿಯಲ್ಲಿ ಅದು 68 ಮಾತ್ರ. ಆವಿಯೊತ್ತಡದ ರೇಖೆ ಮೇಲ್ಮುಖವಾಗಿ ಬಾಗಿರುವುದರಿಂದ ಬೇಸಗೆ ಕಸಿಯುವುದನ್ನು ಚಳಿಗಾಲ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ನೆಲದೊಳಗೆ ಇಟ್ಟುದರಿಂದ ಐದರಲ್ಲಿ ಒಂದು ಪಾಲಿನಷ್ಟು ನಷ್ಟ ತಪ್ಪಿತು. ಆದರೆ ಗುಣಿಯ ಗಾಳಿ ತೇವವಾದುದು. ಅಲ್ಲಿ ನೀರು ಹೊರಡದೆ ಮದ್ಯಸಾರವೇ ಹೊರಡುತ್ತದೆ, ತೀಕ್ಷ್ಣತೆ ವರ್ಷವರ್ಷಕ್ಕೂ ಇಳಿಯುತ್ತದೆ. ಅದು ಶೇಕಡ 40ಕ್ಕಿಂತ ಕೆಳಗೆ ಹೋದರೆ ಯೂರೋಪಿನ ನಿಯಮದಂತೆ ಎಷ್ಟು ವರ್ಷ ಮಾಗಿದ್ದರೂ ಅದನ್ನು ವ್ಹಿಸ್ಕಿ ಎಂದು ಮಾರುವಂತಿಲ್ಲ.