ಬಿ.ಎಸ್ಸಿ. ಓದುತ್ತಲೇ ಆಸ್ಪತ್ರೆಯ ದಾರಿ ಹಿಡಿಯಿರಿ

ನೀಟ್‌ನಲ್ಲಿ ಅಂಕ ಸಾಲದೆ ಬಿ.ಎಸ್ಸಿ. ಸೇರಿದ ಮಕ್ಕಳು ಮುಂಬೈಯ ಕನ್ನಡ ಮನೆಗಳಲ್ಲೂ ಬೇಕಾದಷ್ಟಿದ್ದಾರೆ. ‘ಇನ್ನು ಬ್ಯಾಂಕ್ ಪರೀಕ್ಷೆ ಕಟ್ಟು’ ಎನ್ನುವ ಮಾವಂದಿರಿಗೂ ಬರವಿಲ್ಲ. ಅವರ ಮಾತು ಸ್ವಲ್ಪ ಬದಿಗಿರಲಿ.

ಮೊದಲ ವರ್ಷದಲ್ಲೇ ಒಂದು ವಿಷಯ ತೀರ್ಮಾನವಾಗಬೇಕು: ನೀಟ್ ಮತ್ತೆ ಬರೆಯುವುದೋ ಬೇಡವೋ. ವಯಸ್ಸಿನ ಮೇಲ್ಮಿತಿ ಈಗಿಲ್ಲ, ಬರೆಯುವ ಸಲಗಳಿಗೂ ಮಿತಿಯಿಲ್ಲ. ಮಹಾರಾಷ್ಟ್ರದಲ್ಲಿ ಆಯುರ್ವೇದ, ಹೋಮಿಯೋಪಥಿ, ಫಿಸಿಯೋಥೆರಪಿಗಳಿಗೂ ಅದೇ ಅಂಕ ಬೇಕು. ಆದರೆ ಪ್ರಾಕ್ಟಿಕಲ್, ಜರ್ನಲ್, ಲೋಕಲ್ ಟ್ರೇನಿನ ನೂಕುನುಗ್ಗಲ ನಡುವೆ ವರ್ಷವರ್ಷವೂ ಬರೆಯುತ್ತ ಹೋದರೆ ಪದವಿಯೂ ಸೊರಗುತ್ತದೆ. ಇನ್ನೊಂದೇ ಸಲ ಬರೆಯಿರಿ, ಸಾಕು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕೆಂದರೆ ಸಿಗುತ್ತದೆ. ಪರೀಕ್ಷಾ ಕೇಂದ್ರ ಮಾತ್ರ ಕರ್ನಾಟಕದಲ್ಲಿ ಬರುತ್ತದೆ.

ನಮ್ಮವರು ಎಡವುವುದು ಹೆಚ್ಚಾಗಿ ಕಾಗದಪತ್ರಗಳಲ್ಲಿ. ಮಹಾರಾಷ್ಟ್ರದ ಕೋಟಾದಲ್ಲಿ ವೈದ್ಯಕೀಯ ಸೀಟು ಬೇಕಾದರೆ ಸಾಮಾನ್ಯವಾಗಿ ಡೊಮಿಸೈಲ್ ಜೊತೆಗೆ ಎಸ್ಸೆಸ್ಸಿ, ಎಚ್ಚೆಸ್ಸಿ ಎರಡನ್ನೂ ಇಲ್ಲೇ ಮುಗಿಸಿರಬೇಕು. ಹತ್ತನೆಯವರೆಗೆ ಊರಲ್ಲಿ ಅಜ್ಜಿಯ ಬಳಿ ಓದಿ ಆಮೇಲೆ ಮುಂಬೈಗೆ ಬಂದವರಿಗೆ ಇದೇ ಮುಳುವು. ಉಡುಪಿಯದೋ ಕಲಬುರಗಿಯದೋ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರವೂ ಇಲ್ಲಿನ ಮೀಸಲಾತಿಗೆ ನಡೆಯುವುದಿಲ್ಲ. ಇಲ್ಲಿನ ಪ್ರಮಾಣಪತ್ರ ಇದ್ದವರು ಅದರ ವ್ಯಾಲಿಡಿಟಿಯನ್ನೂ ಮಾಡಿಸಬೇಕು, ಒಬಿಸಿಯವರಿಗೆ ನಾನ್ ಕ್ರೀಮಿ ಲೇಯರ್ ಬೇರೆ. ವ್ಯಾಲಿಡಿಟಿಗೆ ತಿಂಗಳುಗಟ್ಟಲೆ ಹಿಡಿಯುವುದುಂಟು. ಫಲಿತಾಂಶ ಬಂದ ಮೇಲೆ ಪ್ರಮಾಣಪತ್ರಗಳ ಅರ್ಜಿ ಹಿಡಿದು ಸೇತು ಕೇಂದ್ರಕ್ಕೆ ಓಡಿದರೆ ಕೆಲಸವಾಗದು.

ನೀಟ್ ಬೇಡವೆಂದವರಿಗೂ ದಾರಿಗಳಿವೆ. ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸುಗಳಿವೆ. ಪದವೀಧರರಿಗೆ ಪ್ರವೇಶ ಸಿಯುಇಟಿ-ಪಿಜಿ ಪರೀಕ್ಷೆಯ ಮೂಲಕ. ಭೌತಶಾಸ್ತ್ರ ತೆಗೆದುಕೊಂಡವರು ಆಸ್ಪತ್ರೆ ತಮಗಲ್ಲವೆಂದೇ ತಿಳಿದಿರುತ್ತಾರೆ. ಆದರೆ ಎಂ.ಎಸ್ಸಿ. ಆದ ಮೇಲೆ ಅಣುಶಕ್ತಿನಗರದಲ್ಲಿ ಬಿಎಆರ್‌ಸಿ ನಡೆಸುವ ರೇಡಿಯೊಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದರೆ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವಿಕಿರಣದ ಪ್ರಮಾಣ ಲೆಕ್ಕಹಾಕುವ ಮೆಡಿಕಲ್ ಫಿಸಿಸಿಸ್ಟ್ ಆಗಬಹುದು. ನನ್ನನ್ನು ಕೇಳಿದರೆ, ಜನ ಅಷ್ಟಾಗಿ ಗಮನಿಸದ ಒಳ್ಳೆಯ ಬಾಗಿಲು ಇದು. ನೀಟ್ ಅಂಕ ಕೈಯಲ್ಲಿದ್ದು, ಹೊಸದಾಗಿ ಇನ್ನೊಂದು ಪದವಿ ಓದುವ ತಾಳ್ಮೆಯೂ ಇದ್ದರೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ವಾಕ್-ಶ್ರವಣ, ಹಾಜಿ ಅಲಿಯ ಪುನರ್ವಸತಿ ಸಂಸ್ಥೆಯಲ್ಲಿ ಕೃತಕ ಕೈಕಾಲು ತಯಾರಿಯ ಕೋರ್ಸುಗಳೂ ಇವೆ.

ಎರಡನೇ ವರ್ಷ ಆಸ್ಪತ್ರೆಯನ್ನು ಒಳಗಿನಿಂದ ನೋಡಿ. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಒಂದಿಷ್ಟನ್ನು ರಕ್ತದಾನ ಶಿಬಿರಕ್ಕೆ, ಆರೋಗ್ಯ ಸಮೀಕ್ಷೆಗೆ ಕೇಳಿ ಪಡೆಯಿರಿ. ಪರೇಲ್‌ನ ಟಾಟಾ ಮೆಮೋರಿಯಲ್‌ಗೆ ದೇಶದ ಮೂಲೆಮೂಲೆಯಿಂದ ರೋಗಿಗಳು ಬರುತ್ತಾರೆ. ಯಾವ ಕೌಂಟರ್, ಯಾವ ಮಹಡಿ ಎಂದು ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಹೇಳಬಲ್ಲ ಹುಡುಗ ಹುಡುಗಿಯರು ಅಂಥ ಕಡೆ ಉಪಯೋಗಕ್ಕೆ ಬರುತ್ತಾರೆ. ರೋಗಿಗಳಿಗೆ ನೆರವಾಗುವ ನೋಂದಾಯಿತ ಸಂಸ್ಥೆಗಳ ಮೂಲಕವೇ ಹೋಗಿ. ವಾರ್ಡಿನ ವಾಸನೆಗೆ ತಲೆಸುತ್ತು ಬಂದರೆ ಅದೂ ಈಗಲೇ ಗೊತ್ತಾಗಲಿ.

ಟ್ರೇನಿನ ಡಬ್ಬಿಯಲ್ಲಿ ಅಂಟಿಸಿರುವ ‘ಆರು ತಿಂಗಳಲ್ಲಿ ಪ್ಯಾರಾಮೆಡಿಕಲ್, ಕೆಲಸ ಗ್ಯಾರಂಟಿ’ ಚೀಟಿಗಳನ್ನು ನಂಬಬೇಡಿ. ಪದವಿ ಕೋರ್ಸಾದರೆ ನಾಸಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿ, ಆಮೇಲೆ ಶುಲ್ಕದ ಮಾತು.

ಸಿಯುಇಟಿ-ಪಿಜಿ ಸಾಮಾನ್ಯವಾಗಿ ಮಾರ್ಚಿನಲ್ಲಿ ನಡೆಯುತ್ತದೆ, ಅರ್ಜಿಯ ಗಡುವು ಅದಕ್ಕಿಂತ ಬಹಳ ಮೊದಲೇ ಮುಗಿಯುತ್ತದೆ. ಕೊನೆಯ ವರ್ಷದ ದೀಪಾವಳಿ ರಜೆಗೆ ಊರಿಗೆ ಹೊರಡುವ ಮುನ್ನ ಅಂಕಪಟ್ಟಿ, ಫೋಟೊ, ಸಹಿ ಎಲ್ಲ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.