ಚಂದಾ ಮೊದಲು, ಬೇಲಿ ಆಮೇಲೆ

ಬಿಬಿಎಂಪಿ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಮನೆಯಲ್ಲಿ ಸಾಕಿದ ನಾಯಿಗಳು ಈ ಲೆಕ್ಕಕ್ಕೆ ಸೇರಿಲ್ಲ. ಬೀದಿಯದಕ್ಕೆ ಬೇಕಾದದ್ದು ಔಷಧಿ, ಊಟ, ಮಲಗಲು ಒಣ ಜಾಗ. ಅಪಾರ್ಟ್‌ಮೆಂಟಿನದಕ್ಕೆ ಬೇಕಾದದ್ದು ಬೆಲ್ಟ್ ಬಿಚ್ಚಿ ಓಡಲು ಒಂದಿಷ್ಟು ಬಯಲು. ಈಗ ಎಷ್ಟೋ ಬಡಾವಣೆಗಳಲ್ಲಿ ಬೀದಿನಾಯಿಯ ಶೆಲ್ಟರ್, ಸಾಕುನಾಯಿಯ ಪಾರ್ಕ್ ಎರಡಕ್ಕೂ ಒಂದೇ ಸಮಿತಿ, ಒಂದೇ ವಾಟ್ಸ್ಆ್ಯಪ್ ಗುಂಪು, ಒಂದೇ ರಸೀದಿ ಪುಸ್ತಕ. ಉದ್ಘಾಟನೆಯ ದಿನ ಜನ ಸೇರುತ್ತಾರೆ, ಫೋಟೊ ಬರುತ್ತದೆ. ಆರು ತಿಂಗಳಾದ ಮೇಲೆ ಶೆಲ್ಟರ್‌ನವರು ಅಕ್ಕಿಗೆ ಸಾಲ ಕೇಳುತ್ತಿರುತ್ತಾರೆ. ಹಾಗಾಗದಿರಲು ಏನು ಮಾಡಬೇಕು?

1. ಹೊಸ ಶೆಲ್ಟರ್ ಕಟ್ಟುವ ಆಸೆಯನ್ನು ಸದ್ಯಕ್ಕೆ ಬಿಡಿ.
ಊರಲ್ಲಿ ಈಗಾಗಲೇ ಒಂದಿದ್ದರೆ ಅದಕ್ಕೇ ಕೈ ಸೇರಿಸಿ. ಬೆಂಗಳೂರಿನ ಪ್ರಾಣಿರಕ್ಷಣಾ ಸಂಸ್ಥೆ ‘ಕ್ಯುಪಾ’ವನ್ನು ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಶುರುಮಾಡಿದಾಗ ಆಕೆಗೆ ಎಂಬತ್ತು ದಾಟಿತ್ತು. ಅದಕ್ಕೂ ಮೊದಲು ದೆಹಲಿ, ಜೈಪುರಗಳಲ್ಲಿ ಇದೇ ಕೆಲಸ ಮಾಡಿ ಬಂದಿದ್ದರು. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಇದೆ. ಇಂಥವರಲ್ಲಿ ಡಾಕ್ಟರು, ಆಂಬುಲೆನ್ಸು, ಅನುಭವ ಮೂರೂ ಇರುತ್ತವೆ; ಇಲ್ಲದ್ದು ದುಡ್ಡು ಮತ್ತು ಆಳು. ನಿಮ್ಮ ಬಡಾವಣೆಯ ಹತ್ತು ಜನ ಸೇರಿ ಹನ್ನೊಂದನೇ ಟ್ರಸ್ಟ್ ನೋಂದಾಯಿಸುವುದಕ್ಕಿಂತ ಅವರ ಬೋರ್‌ವೆಲ್ ರಿಪೇರಿ ಮಾಡಿಸುವುದು ದೊಡ್ಡ ಕೆಲಸ.

2. ಎರಡು ಹುಂಡಿ ಇಡಿ.
ನಾಯಿ ಪಾರ್ಕಿನದು ಒಂದು ಸಲದ ಖರ್ಚು: ಬೇಲಿ, ಗೇಟು, ನೀರಿನ ಸಂಪರ್ಕ. ಶೆಲ್ಟರ್‌ನದು ನಿತ್ಯದ ಖರ್ಚು. ಎರಡೂ ಒಂದೇ ಖಾತೆಯಲ್ಲಿದ್ದರೆ ಕಣ್ಣಿಗೆ ಕಾಣುವ ಬೇಲಿ ಗೆಲ್ಲುತ್ತದೆ, ಕಾಣದ ಅನ್ನ ಸೋಲುತ್ತದೆ. ಖಾತೆ ಬೇರೆ ಇರಲಿ, ರಸೀದಿಯ ಬಣ್ಣವೂ ಬೇರೆ ಇರಲಿ. ಶೆಲ್ಟರ್‌ನ ಆರು ತಿಂಗಳ ಊಟ, ಔಷಧಿಯ ಹಣ ಬ್ಯಾಂಕಿನಲ್ಲಿ ಕೂರುವ ತನಕ ಪಾರ್ಕಿನ ಬೇಲಿಗೆ ಗುಂಡಿ ತೋಡುವುದಿಲ್ಲ ಎಂದು ಮೊದಲ ಸಭೆಯಲ್ಲೇ ನಿರ್ಣಯ ಬರೆದಿಡಿ. ಇದಕ್ಕೆ ಒಪ್ಪದ ಸದಸ್ಯರಿದ್ದರೆ ಅವರನ್ನು ಉದ್ಘಾಟನಾ ಸಮಿತಿಗೆ ಹಾಕಿಬಿಡಿ!

3. ಪೋಸ್ಟರಿಗೆ ಮೊದಲು ಲೆಕ್ಕ.
2025ರ ಜುಲೈನಲ್ಲಿ ಬಿಬಿಎಂಪಿ ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕಲು ಟೆಂಡರ್ ಕರೆದು ಊರೆಲ್ಲ ಗೇಲಿಗೆ ಗುರಿಯಾಯಿತಲ್ಲ, ಆ ಟೆಂಡರಿನಲ್ಲಿ ಉಪಯೋಗಕ್ಕೆ ಬರುವ ಅಂಕಿಯೊಂದಿತ್ತು. ಒಂದು ನಾಯಿಗೆ ದಿನಕ್ಕೆ 367 ಗ್ರಾಂ ಊಟ, ದರ 22 ರೂಪಾಯಿ 42 ಪೈಸೆ. ನಿಮ್ಮ ಶೆಲ್ಟರ್‌ನಲ್ಲಿ ನೂರು ನಾಯಿ ಇದ್ದರೆ ಅದೇ ದರದಲ್ಲಿ ದಿನಕ್ಕೆ 2,242 ರೂಪಾಯಿ, ಮೂವತ್ತು ದಿನಕ್ಕೆ 67,260. ಅದೂ ಹೊತ್ತಿಗೊಂದರಂತೆ ಅಲ್ಲ, ದಿನಕ್ಕೆ ಒಂದೇ ಊಟಕ್ಕೆ. ಇದರ ಮೇಲೆ ಗ್ಯಾಸು, ಕರೆಂಟು, ಫಿನಾಯಿಲು, ಲಸಿಕೆ, ಶಸ್ತ್ರಚಿಕಿತ್ಸೆ, ಆಂಬುಲೆನ್ಸಿನ ಡೀಸೆಲ್.

ಎಲ್ಲಕ್ಕಿಂತ ದೊಡ್ಡದು ಸಂಬಳ. ದಾನಿಗಳು ಔಷಧಿಗೆ ಕೊಡುತ್ತಾರೆ, ಊಟಕ್ಕೆ ಕೊಡುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ಗೂಡು ತೊಳೆಯುವವನ ಸಂಬಳ ಎಂದರೆ ಮುಖ ತಿರುಗಿಸುತ್ತಾರೆ. ಆದ್ದರಿಂದಲೇ ಅದನ್ನು ಮುಚ್ಚಿಡಬೇಡಿ. ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಿರಿ. ಆತ ಒಂದು ದಿನ ರಜೆ ಹಾಕಿದರೆ ಗೂಡುಗಳ ಕಥೆ ಏನಾಗುತ್ತದೆ ಎಂಬುದನ್ನು ನೋಡಲು ದಾನಿಗಳನ್ನು ಒಮ್ಮೆ ಕರೆಯಿರಿ. ಆಮೇಲೆ ವಾದ ಬೇಕಾಗುವುದಿಲ್ಲ.

4. ದೇವಸ್ಥಾನದ ಸೇವಾ ಪಟ್ಟಿ ನೋಡಿ ಕಲಿಯಿರಿ.
ನಮ್ಮ ಜನಕ್ಕೆ ದಾನ ಕೊಡುವುದನ್ನು ಯಾರೂ ಕಲಿಸಬೇಕಿಲ್ಲ. ಕೇಳುವ ರೀತಿ ಗೊತ್ತಿರಬೇಕು ಅಷ್ಟೆ. ಯಾವ ದೇವಸ್ಥಾನದ ಕೌಂಟರಿನಲ್ಲೂ ‘ಉದಾರವಾಗಿ ಸಹಾಯ ಮಾಡಿ’ ಎಂದು ಮಾತ್ರ ಬರೆದಿರುವುದಿಲ್ಲ. ಕುಂಕುಮಾರ್ಚನೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು ಎಂದು ಮೇಲಿಂದ ಕೆಳಗೆ ದರ ಇರುತ್ತದೆ. ಭಕ್ತ ತನ್ನ ಜೇಬು ನೋಡಿ ಆರಿಸಿಕೊಳ್ಳುತ್ತಾನೆ. ಶೆಲ್ಟರ್‌ನ ಗೇಟಿಗೂ ಇಂಥದೇ ಬೋರ್ಡು ಹಾಕಿ: ಒಂದು ನಾಯಿಯ ಒಂದು ದಿನದ ಊಟ, ಒಂದು ರೇಬಿಸ್ ಲಸಿಕೆ, ಒಂದು ಸಂತಾನಹರಣ ಶಸ್ತ್ರಚಿಕಿತ್ಸೆ, ಇಡೀ ಶೆಲ್ಟರ್‌ನ ಒಂದು ದಿನದ ಅಡುಗೆ. ಪ್ರತಿಯೊಂದರ ಮುಂದೆ ನಿಮ್ಮ ನಿಜವಾದ ಖರ್ಚು.

ಶಾಶ್ವತ ಪೂಜೆಯ ಪದ್ಧತಿ ಇನ್ನೂ ಜಾಣತನದ್ದು. ಒಂದು ಸಲ ಗಂಟು ಇಟ್ಟರೆ ಬಡ್ಡಿಯಲ್ಲಿ ಪ್ರತಿ ವರ್ಷ ಅದೇ ತಿಥಿಗೆ ಪೂಜೆ. ‘ಅಪ್ಪನ ಹೆಸರಲ್ಲಿ ಪ್ರತಿ ವರ್ಷ ಆ ದಿನ ನಾಯಿಗಳಿಗೆ ಊಟ’ ಎಂದು ಕೇಳಿ ನೋಡಿ. ತೀರಿಕೊಂಡ ನಾಯಿಯ ಹೆಸರಲ್ಲೂ ಕೊಡುವವರಿದ್ದಾರೆ. ಗಂಟು ಮುಟ್ಟಬಾರದು, ಬಡ್ಡಿ ಮಾತ್ರ ಬಳಸಬೇಕು. ಅದು ಟ್ರಸ್ಟಿನ ನಿಯಮದಲ್ಲೇ ಇರಲಿ.

ದತ್ತು ಯೋಜನೆಯ ಬಲ ಸರ್ಕಾರಕ್ಕೂ ಗೊತ್ತಿದೆ. 2022ರಲ್ಲಿ ಬಂದ ‘ಪುಣ್ಯಕೋಟಿ ದತ್ತು’ ಯೋಜನೆ ಒಂದು ಹಸುವಿಗೆ ವರ್ಷಕ್ಕೆ 11,000 ರೂಪಾಯಿ ಎಂದು ಖಚಿತ ಮೊತ್ತ ಇಟ್ಟಿತು. ಅದಕ್ಕೂ ಹಿಂದಿನ ವರ್ಷ, ಲಾಕ್‌ಡೌನಿನಲ್ಲಿ ಮೃಗಾಲಯಗಳ ಟಿಕೆಟ್ ಆದಾಯ ನಿಂತಾಗ, ಚಿತ್ರನಟರೊಬ್ಬರು ಪ್ರಾಣಿಗಳನ್ನು ದತ್ತು ತೆಗೆದುಕೊಳ್ಳಿ ಎಂದು ಕರೆ ಕೊಟ್ಟಿದ್ದೇ ತಡ, ರಾಜ್ಯದ ಮೃಗಾಲಯಗಳಿಗೆ ಹಣ ಹರಿದು ಬಂತು. ಪ್ರಾಣಿ ಇದು, ಮೊತ್ತ ಇಷ್ಟು, ಅವಧಿ ಒಂದು ವರ್ಷ. ಕೇಳಿದ್ದು ಇಷ್ಟೇ ಸರಳವಾಗಿತ್ತು.

ದಾನಿಗಳ ಹೆಸರಿನ ವಿಷಯದಲ್ಲಿ ಮಾತ್ರ ದೇವಸ್ಥಾನವನ್ನು ಅನುಸರಿಸಬೇಡಿ. ಟ್ಯೂಬ್‌ಲೈಟಿನ ಮೇಲೆ ‘ಧರ್ಮಾರ್ಥ’ ಎಂದು ದಾನಿಯ ವಂಶಾವಳಿಯನ್ನೇ ಬರೆಸಿ ಬೆಳಕಿಗೇ ಜಾಗ ಇಲ್ಲದಂತೆ ಮಾಡಿದ್ದನ್ನು ನಾವೆಲ್ಲ ನೋಡಿದ್ದೇವೆ.

5. ಬೇಕಾದದ್ದನ್ನು ಕರಾರುವಾಕ್ಕಾಗಿ ಕೇಳಿ.
2024ರ ಜೂನ್‌ನಲ್ಲಿ ರತನ್ ಟಾಟಾ ಇನ್‌ಸ್ಟಾಗ್ರಾಮಿನಲ್ಲಿ ಮುಂಬೈಯವರ ಸಹಾಯ ಕೇಳಿದರು. ಕೇಳಿದ್ದು ಹಣವನ್ನಲ್ಲ. ಅವರ ಆಸ್ಪತ್ರೆಯಲ್ಲಿದ್ದ ಏಳು ತಿಂಗಳ ನಾಯಿಗೆ ರಕ್ತ ಬೇಕಿತ್ತು. ಉಣ್ಣೆ ಕಡಿದು ಬರುವ ಜ್ವರ, ರಕ್ತಹೀನತೆ ಎಂದು ಕಾಯಿಲೆ ಹೇಳಿದರು. ರಕ್ತ ಕೊಡುವ ನಾಯಿಯ ವಯಸ್ಸು ಒಂದರಿಂದ ಎಂಟು ವರ್ಷ, ತೂಕ 25 ಕೆ.ಜಿ.ಗೆ ಕಡಿಮೆ ಇರಬಾರದು, ಲಸಿಕೆ ಆಗಿರಬೇಕು ಎಂದೂ ಬರೆದರು. ರಕ್ತ ಸಿಕ್ಕಿತು. ಅಷ್ಟು ದೊಡ್ಡ ಮನುಷ್ಯರೇ ಇಷ್ಟು ವಿವರ ಕೊಟ್ಟು ಕೇಳಿದರೆಂದ ಮೇಲೆ ‘ಮೂಕಪ್ರಾಣಿಗಳಿಗೆ ನೆರವಾಗಿ’ ಎಂದು ನಾವು ಹಾಕುವ ಸ್ಟೇಟಸ್ಸು ಯಾರಿಗೆ ಸಾಕಾದೀತು?

6. ರಕ್ತದ ಫೋಟೊ ಹಾಕಬೇಡಿ.
ಮೊದಲ ಸಲ ದುಡ್ಡು ಬರುತ್ತದೆ. ಮೂರನೇ ಸಲಕ್ಕೆ ಜನ ಗುಂಪನ್ನೇ ಮ್ಯೂಟ್ ಮಾಡುತ್ತಾರೆ.

7. ಕಾಗದಪತ್ರ ಸರಿ ಇರಲಿ.
ಈ ಸೂತ್ರ ರುಚಿಸುವುದಿಲ್ಲ, ಆದರೆ ದೊಡ್ಡ ಮೊತ್ತಗಳೆಲ್ಲ ಇದರ ಹಿಂದೆಯೇ ಇವೆ. ಸಂಸ್ಥೆಗೆ ಆದಾಯ ತೆರಿಗೆಯ ನೋಂದಣಿ, ದಾನಿಗಳಿಗೆ ವಿನಾಯಿತಿ ಕೊಡಿಸುವ ನೋಂದಣಿ (ಜನ 12ಎ, 80ಜಿ ಎನ್ನುವುದು ಇವನ್ನೇ) ಎರಡೂ ಇವೆಯೇ ನೋಡಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ. ಅಕ್ಕಿ ಮೂಟೆ, ಕಂಬಳಿ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಿ, ಮಾರ್ಚ್ ತಿಂಗಳಲ್ಲಿ ಜಗಳ ತಪ್ಪುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ಶಾಲೆ, ಆಸ್ಪತ್ರೆಗಳಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪ್ರಾಣಿ ಕಲ್ಯಾಣವೂ ಇದೆ. ಆದರೆ ಹಣ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಕಂಪನಿಗೆ ಹೋಗುವಾಗ ಪಾರ್ಕಿನ ನಕ್ಷೆಗಿಂತ ಶೆಲ್ಟರ್‌ನ ಶಸ್ತ್ರಚಿಕಿತ್ಸೆ ಕೊಠಡಿಯ ಅಂದಾಜುಪಟ್ಟಿ ಒಯ್ಯಿರಿ. ಸಾಕುನಾಯಿಗಳ ಆಟಕ್ಕಿಂತ ಬೀದಿನಾಯಿಗಳ ಚಿಕಿತ್ಸೆ ಅವರ ವರದಿಯಲ್ಲಿ ಚೆನ್ನಾಗಿ ಕೂರುತ್ತದೆ.

ಅಮೆರಿಕದ ಕನ್ನಡಿಗರಿಂದ ಹಣ ತರಿಸುವ ಯೋಚನೆ ಇದ್ದರೆ ಒಂದು ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಕೊಡುವ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ ಕಾರ್ಡಿನವರಾದರೂ, ಕೊಟ್ಟರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟುವ ಹಾಗಿಲ್ಲ. ಭಾವನ ತಮ್ಮ ಪ್ರೀತಿಯಿಂದ ಕಳಿಸಿದ ಡಾಲರ್ ಸಂಸ್ಥೆಯ ಕುತ್ತಿಗೆಗೆ ಬರಬಾರದು.

8. ನಾಯಿ ಕಂಡರೆ ಆಗದವರ ಮನೆಗೆ ಮೊದಲು ಹೋಗಿ.
ಪ್ರತಿ ಬೀದಿಯಲ್ಲೂ ಒಬ್ಬ ಹಿರಿಯರು ಗೇಟಿನಲ್ಲೇ ತಡೆದು ಕೇಳುತ್ತಾರೆ: ‘ಏನಪ್ಪಾ, ಮಕ್ಕಳಿಗೇ ಆಡೋಕೆ ಜಾಗ ಇಲ್ಲ, ನಾಯಿಗೆ ಪಾರ್ಕ್ ಬೇಕಾ?’ ಅವರಿಗೆ ಕರುಣೆಯ ಉಪನ್ಯಾಸ ಕೊಟ್ಟರೆ ಕೆಲಸ ಕೆಟ್ಟಿತು. ‘ನಿಜ ಸಾರ್. ಮಕ್ಕಳ ಪಾರ್ಕಲ್ಲಿ ನಾಯಿ ಬರಬಾರದು ಅಂತಲೇ ಬೇರೆ ಜಾಗ ಕೇಳ್ತಿದೀವಿ. ನೀವೂ ಸಮಿತೀಲಿ ಇರಿ’ ಎನ್ನಿ. ಅರ್ಧದಷ್ಟು ಜನ ಬರುತ್ತಾರೆ. ಬಂದವರು ಲೆಕ್ಕವನ್ನು ನಾಯಿಪ್ರಿಯರಿಗಿಂತ ಬಿಗಿಯಾಗಿ ನೋಡುತ್ತಾರೆ, ಅದು ಲಾಭವೇ.

ಕಚ್ಚಿಸಿಕೊಂಡವರ ಭಯ ಸುಳ್ಳಲ್ಲ. ಆ ಭಯಕ್ಕೆ ಉತ್ತರ ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತು ಇದ್ದರೆ ಚಿಕಿತ್ಸೆ ಆಗಿದೆ ಎಂದು ಅರ್ಥ. ಊಟ ಹಾಕುವ ಜಾಗ ಮಕ್ಕಳು ಆಡುವ ಕಡೆ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರ ಇರಬೇಕೆಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೇ ಹೇಳುತ್ತವೆ. ಕಾನೂನಿನ ಗಾಳಿಯೂ ಬದಲಾಗುತ್ತಿದೆ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಶೆಲ್ಟರ್‌ನಲ್ಲೇ ಇಡಿ ಎಂದ ಸುಪ್ರೀಂ ಕೋರ್ಟ್ 22ರಂದು ಅದನ್ನು ಸಡಿಲಿಸಿತು. ರೇಬಿಸ್ ಇರುವ, ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆ, ಲಸಿಕೆ ಮುಗಿಸಿ ಹಿಡಿದಲ್ಲಿಗೇ ಬಿಡಲು ಹೇಳಿತು. ನವೆಂಬರ್ 7ರಂದು ಮತ್ತೆ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ವಾಪಸು ಬಿಡಕೂಡದೆಂದಿತು. ಅಂದರೆ ಶೆಲ್ಟರ್‌ಗಳ ಮೇಲಿನ ಹೊರೆ ಹೆಚ್ಚುತ್ತದೆ. ನಾಯಿ ಬೇಡ ಎನ್ನುವವರೂ ಚಂದಾ ಕೊಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

9. ಜಾಗ ಕೇಳುವಾಗ ಪಾಳುಬಿದ್ದದ್ದನ್ನು ಕೇಳಿ.
ಇರುವ ಉದ್ಯಾನದ ಹುಲ್ಲಿನ ಮೇಲೆ ಕಣ್ಣು ಹಾಕಬೇಡಿ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ವಾಕಿಂಗ್ ಬರುವವರ ವಿರೋಧ ಅದಕ್ಕಿಂತ ಬಲವಾದದ್ದು. ಕಬ್ಬನ್ ಪಾರ್ಕಿನಲ್ಲಿ ನಾಯಿಗಳನ್ನೇ ನಿಷೇಧಿಸುವ ಮಾತು 2022ರಲ್ಲಿ ಎದ್ದು ದೊಡ್ಡ ಗಲಾಟೆ ಆಗಿತ್ತು. ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ತೆರೆದ ನಾಯಿ ಪಾರ್ಕ್ ಇರುವ 1.3 ಎಕರೆ ಹಿಂದೆ ಕಸ ಸುರಿಯುವ ಜಾಗವಾಗಿತ್ತು. ಪಾಲಿಕೆ ಅದಕ್ಕೆ ಸುಮಾರು 1.1 ಕೋಟಿ ರೂಪಾಯಿ ಖರ್ಚು ಮಾಡಿತು. ಕಸ ಹೋದದ್ದಕ್ಕೆ ಅಕ್ಕಪಕ್ಕದವರು ಬೇಡ ಎನ್ನುವುದು ಕಷ್ಟ.

ಕಾಯಂ ಎಂದು ಕೇಳದೆ ಪ್ರಯೋಗಕ್ಕೆ ಎಂದು ಕೇಳುವುದೂ ಒಂದು ಉಪಾಯ. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ತೆರೆದ ಓಲೋನಿ ನಾಯಿ ಪಾರ್ಕ್ ಶುರುವಾದದ್ದು ಪ್ರಯೋಗವಾಗಿಯೇ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಅರ್ಜಿ ಯಾವ ಪಾಲಿಕೆಗೆ ಎಂದು ಮೊದಲು ಖಚಿತ ಮಾಡಿಕೊಳ್ಳಿ.

10. ಪಾರ್ಕಿನಲ್ಲಿ ಆಡಂಬರ ಬೇಡ.
ಎತ್ತರದ ಬೇಲಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವ ಎರಡು ಗೇಟು, ಸಣ್ಣ ನಾಯಿಗಳಿಗೆ ಬೇರೆ ಭಾಗ, ನೆರಳು, ನೀರು, ಕಕ್ಕ ಎತ್ತುವ ಚೀಲ ಮತ್ತು ಡಬ್ಬ. ಇಷ್ಟಿದ್ದರೆ ಪಾರ್ಕ್ ನಡೆಯುತ್ತದೆ. ಮೂಳೆಯಾಕಾರದ ಸಿಮೆಂಟು ಬೆಂಚು ಆಮೇಲೆ ಬರಲಿ. ಗೇಟಿನಲ್ಲಿ ಲಸಿಕೆ ಕಾರ್ಡು ನೋಡದೆ ಒಳಗೆ ಬಿಡಬೇಡಿ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ತಿಂಗಳ ಪಾಸ್ ಇಡಿ, ಅದರಲ್ಲಿ ಒಂದು ಪಾಲು ನೇರ ಶೆಲ್ಟರ್‌ನ ಹುಂಡಿಗೆ ಹೋಗಲಿ. ಎರಡು ಹುಂಡಿ ಸೇರುವ ಬಾಗಿಲು ಇದೊಂದೇ, ಅದೂ ಪಾರ್ಕಿನಿಂದ ಶೆಲ್ಟರ್ ಕಡೆಗೆ ಮಾತ್ರ ತೆರೆಯಬೇಕು. ಭಾನುವಾರ ಬೆಳಗ್ಗೆ ಶೆಲ್ಟರ್‌ನ ಆರೋಗ್ಯವಂತ ನಾಯಿಗಳನ್ನು ಅಲ್ಲಿಗೆ ಕರೆತಂದು ದತ್ತು ಶಿಬಿರ ಮಾಡಿ. 2022ರಲ್ಲಿ ‘777 ಚಾರ್ಲಿ’ ಸಿನಿಮಾ ನೋಡಿ ಅತ್ತ ಊರಿನಲ್ಲಿ, ಲ್ಯಾಬ್ರಡಾರ್ ಕೊಳ್ಳಲು ಹೊರಟವರಿಗೆ ಒಂದು ನಾಟಿ ನಾಯಿಯನ್ನೂ ತೋರಿಸೋಣ.

11. ಹಬ್ಬ ನೋಡಿ ಹೊರಡಿ.
ಬೇಸಿಗೆಯಲ್ಲಿ ನೀರಿನ ತೊಟ್ಟಿ, ದೀಪಾವಳಿಗೆ ಮುಂಚೆ ಪಟಾಕಿಗೆ ಹೆದರಿ ಓಡಿದ ನಾಯಿಗಳ ನಿಧಿ, ರಾಜ್ಯೋತ್ಸವಕ್ಕೆ ಸಹಾಯಾರ್ಥ ನಾಟಕ. ಕರಾವಳಿಯಾದರೆ ಸಹಾಯಾರ್ಥ ಯಕ್ಷಗಾನ, ಕಾಲಮಿತಿಯದೇ ಇರಲಿ. ಶಾಲೆ ಮಕ್ಕಳಿಂದ ದುಡ್ಡು ಬೇಡ, ಹಳೆಯ ಪೇಪರು, ಬೆಡ್‌ಶೀಟು, ಗೋಣಿಚೀಲ ಕೇಳಿ. ಮದುವೆಮನೆಯಲ್ಲಿ ಮಿಕ್ಕ ಅಡುಗೆ ಕಳಿಸುತ್ತೇವೆ ಎಂದರೆ ಕೈಮುಗಿದು ಬೇಡ ಎನ್ನಿ: ಈರುಳ್ಳಿ ನಾಯಿಗೆ ವಿಷ, ಜಾಮೂನು ಹಿತವಲ್ಲ.

12. ಲೆಕ್ಕ ಗೋಡೆಗೆ ಅಂಟಿಸಿ.
ಕ್ಯುಆರ್ ಕೋಡ್ ಸಂಸ್ಥೆಯ ಹೆಸರಿನದೇ ಆಗಿರಬೇಕು, ಕಾರ್ಯದರ್ಶಿಯ ಫೋನ್ ನಂಬರಿನದಲ್ಲ. ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಬಂದದ್ದು, ಹೋದದ್ದು, ಬಂದ ನಾಯಿ, ದತ್ತು ಹೋದ ನಾಯಿ, ಸತ್ತ ನಾಯಿ, ಎಲ್ಲ ಒಂದು ಹಾಳೆಯಲ್ಲಿ ಗೇಟಿಗೆ ಬರಲಿ. ಸತ್ತವುಗಳ ಸಂಖ್ಯೆ ಮುಚ್ಚಿಡುವ ಶೆಲ್ಟರ್‌ಗೆ ಒಂದು ರೂಪಾಯಿಯನ್ನೂ ಕೊಡಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ.

ಈ ಭಾನುವಾರ ನಿಮ್ಮ ಊರಿನ ಶೆಲ್ಟರ್‌ಗೆ ಹೋಗಿ, ಹೋದ ತಿಂಗಳ ಔಷಧಿ ಅಂಗಡಿಯ ಬಾಕಿ ಎಷ್ಟು ಎಂದು ಕೇಳಿ. ಚಂದಾ ಎತ್ತುವ ಕೆಲಸವನ್ನು ಆ ಚೀಟಿಯಿಂದಲೇ ಶುರುಮಾಡಿ.